ಕಾಪುವಿನಲ್ಲಿ ನಾನು ಮೈಕ್ ಹಿಡಿದ ದಿನ

ಪ್ರಜ್ಞಾಳಿಗೆ ನಿಟ್ಟೆ ಕಡೆಯ ಒಂದು ಲೇಡೀಸ್ ಹಾಸ್ಟೆಲಿನಲ್ಲಿ ಕೆಲಸ ಸಿಕ್ಕಿದೆ. ಬರುವ ವಾರ ಸೇರಬೇಕಂತೆ. ನಿನ್ನೆ ಊಟಕ್ಕೆ ಕೂತಾಗ, "ಅಜ್ಜಿ, ನೀವು ಅಷ್ಟು ವರ್ಷ ಹಾಸ್ಟೆಲಿನಲ್ಲಿ ಇದ್ದಿರಲ್ಲ, ಅಲ್ಲಿ ನಿಜವಾಗಿ ಎಂತ ಕೆಲಸ?" ಎಂದು ಕೇಳಿದಳು. ನಾಲ್ಕು ಜನ ಕೂತಲ್ಲಿ ಮಾತಾಡಲು ನನಗೆ ಈಗಲೂ ಸಂಕೋಚ. ಅದಕ್ಕೆ ಬರೆಯುತ್ತಿದ್ದೇನೆ. ಅವಳು ಓದಿದ ಮೇಲೆ ಉಳಿದ ಮೊಮ್ಮಕ್ಕಳೂ ಓದಲಿ.

ನಿಮ್ಮ ಅಜ್ಜ ತೀರಿಕೊಂಡ ಮರುವರ್ಷ ನಾನು ಮಣಿಪಾಲದ ಒಂದು ಖಾಸಗಿ ಹಾಸ್ಟೆಲಿಗೆ ಅಟೆಂಡರ್ ಆಗಿ ಸೇರಿದೆ. ಓದಿದ್ದು ಊರಿನ ಶಾಲೆಯಲ್ಲಿ ಏಳನೆಯ ತರಗತಿ. ಗೇಟು ನೋಡುವುದು, ಜ್ವರ ಬಂದವರಿಗೆ ಗಂಜಿ ಕೊಡುವುದು, ಮನೆ ನೆನಪಾಗಿ ಅಳುವವರ ಹತ್ತಿರ ಸುಮ್ಮನೆ ಕೂರುವುದು, ಇದೇ ಕೆಲಸ. ಕೊನೆಯದ್ದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಆದರೆ ಹೆಚ್ಚು ಹೊತ್ತು ಹೋಗುತ್ತಿದ್ದದ್ದು ಅದರಲ್ಲಿಯೇ.

ಆಗ ಹಾಸ್ಟೆಲಿಗೆಲ್ಲ ಒಂದೇ ಫೋನು. ಯಾರದಾದರೂ ಮನೆಯಿಂದ ಫೋನ್ ಬಂದರೆ ಕೆಳಗೆ ನಿಂತು ಹೆಸರು ಹಿಡಿದು ಕೂಗಬೇಕು. ನನಗೆ ಕೂಗಲು ನಾಚಿಕೆ. ಅದಕ್ಕೆ ಪ್ರತಿ ಫೋನಿಗೂ ಮೂರು ಮಾಳಿಗೆ ಹತ್ತಿ, ಬಾಗಿಲು ತಟ್ಟಿ, ಮೆಲ್ಲಗೆ ಹೇಳಿ ಬರುತ್ತಿದ್ದೆ. ವಾರ್ಡನ್ ಲಿಲ್ಲಿ ಮೇಡಂ ಇದನ್ನು ಕೆಲವು ದಿನ ನೋಡಿದರು.

"ಗಿರಿಜಾ, ದೇವರು ನಿನಗೆ ಬಾಯಿ ಕೊಟ್ಟಿದ್ದಾನಲ್ಲ. ಕೂಗಿದರೆ ಎಂತ ಆಗುತ್ತದೆ?"

"ಎಲ್ಲರೂ ಕೇಳುತ್ತಾರೆ ಮೇಡಂ."

"ಕೇಳಲಿ ಅಂತಲೇ ಅಲ್ವಾ ಕೂಗುವುದು."

ಆದರೂ ನಾನು ಕೂಗಲಿಲ್ಲ. ಮೊಬೈಲ್ ಬಂದು ನನ್ನ ಮೊಣಕಾಲು ಉಳಿಸಿತು.

ಲಿಲ್ಲಿ ಮೇಡಂ ಶಿರ್ವ ಕಡೆಯ ಕೊಂಕಣಿಯವರು. ಬೈಯುವಾಗ ಎತ್ತರದ ದನಿ, ಔಷಧಿ ಕುಡಿಸುವಾಗ ತಾಯಿ. ಅವರ ಕೈಯಲ್ಲಿ ನಾನು ತಿಂದ ಮೊದಲ ಬೈಗುಳ ಮಲ್ಲಿಗೆಯದ್ದು. ನಮ್ಮಲ್ಲಿ ಎಲ್ಲವನ್ನೂ ಬಸ್ಸಿನಲ್ಲಿ ಕಳುಹಿಸುವ ಕ್ರಮ ಉಂಟಷ್ಟೆ. ಕಾರ್ಕಳದ ಒಬ್ಬ ಹುಡುಗಿಯ ತಾಯಿ ಭಾನುವಾರ ಭಾನುವಾರ ಊಟ ಕಟ್ಟಿ ಕಂಡಕ್ಟರನ ಕೈಯಲ್ಲಿ ಕೊಡುತ್ತಿದ್ದರು. ನಾನು ಸ್ಟಾಪಿನಲ್ಲಿ ನಿಂತು ತರುತ್ತಿದ್ದೆ. ಒಂದು ದಿನ ಕಂಡಕ್ಟರ್ ಬಾಳೆಲೆಯ ದೊಡ್ಡ ಕಟ್ಟು ಕೊಟ್ಟ, ನಾನು ತಂದುಬಿಟ್ಟೆ. ಬಿಚ್ಚಿದರೆ ಶಂಕರಪುರ ಮಲ್ಲಿಗೆ. ತಾಯಿ ಈ ಸಲ ಹೂ ಕಳುಹಿಸಿದ್ದಾರೆ ಎಂದು ಹುಡುಗಿಯರು ಹಂಚಿಕೊಂಡು ಮುಡಿದೇ ಬಿಟ್ಟರು. ಸ್ವಲ್ಪ ಹೊತ್ತಿಗೆ ಹೂವಿನಂಗಡಿಯವನು ಊಟದ ಕಟ್ಟು ಹಿಡಿದುಕೊಂಡು ಗೇಟಿಗೆ ಬಂದ. ಅಂಗಳದ ತುಂಬಾ ಹೂ ಮುಡಿದ ಹುಡುಗಿಯರನ್ನು ನೋಡಿ ಅವನ ಸಿಟ್ಟೆಲ್ಲ ಇಳಿಯಿತು. "ಇನ್ನೆಂತ ಮಾಡುವುದು? ಜಡೆಯಿಂದ ಬಿಚ್ಚಿ ಕೊಂಡುಹೋಗುವುದಾ?" ಎಂದು ನಕ್ಕು ಹೋದ. ನಗದಿದ್ದವರು ಲಿಲ್ಲಿ ಮೇಡಂ ಒಬ್ಬರೇ.

ಇಂಥದ್ದು ಬೇಕಾದಷ್ಟು ಉಂಟು. ಆದರೆ ನಾನು ಬರೆಯಲು ಕೂತದ್ದು ಸಂಗೀತಾಳ ವಿಷಯ. ನಿವೃತ್ತಿಯಾಗುವ ಎರಡು ವರ್ಷ ಮೊದಲು ನಡೆದದ್ದು.

ಸಂಗೀತಾ ಗದಗ ಕಡೆಯ ಹಳ್ಳಿಯವಳು. ಇಂಜಿನಿಯರಿಂಗ್ ಓದುತ್ತಿದ್ದಳು. ಮೀನಿನ ವಾಸನೆ ಬಂದರೆ ಮೂಗು ಮುಚ್ಚಿಕೊಂಡು ಮೆಸ್ಸಿನಿಂದ ಓಡುವವಳು. ತಾಯಿ ಇಲ್ಲ. ಅಪ್ಪನ ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸಿದವಳು ಎಂದು ಹುಡುಗಿಯರು ಅವಳನ್ನು "ಟ್ರ್ಯಾಕ್ಟರ್" ಎಂದೇ ಕರೆಯುತ್ತಿದ್ದರು. ಅವಳ ಜೊತೆ ಓದುವ ರೋಹನ್ ಎಂಬ ಹುಡುಗ ಪುಣೆಯವನು. ಅವನಿಗೆ ಕನ್ನಡ ಬರುವುದಿಲ್ಲ. ಸಂಗೀತಾ ಅವನಿಗೆ ಒಂದೇ ಮಾತು ಕಲಿಸಿದ್ದಳು, "ಊಟ ಆಯ್ತಾ?" ಬೆಳಿಗ್ಗೆ ಆರು ಗಂಟೆಗೆ ಗೇಟಿನಲ್ಲಿ ಕಂಡರೂ ಅವನು ನನ್ನನ್ನು ಕೇಳುವುದು, "ಗಿರಿಜಕ್ಕ, ಊಟ ಆಯ್ತಾ?" ಸಂಗೀತಾಳ ಮೇಲೆ ಮುನಿಸಿದ್ದರೂ ಅದೇ, ಪರೀಕ್ಷೆ ಮುಗಿಸಿ ಬಂದರೂ ಅದೇ.

ಅದು ಬೇಸಗೆಯ ಒಂದು ಭಾನುವಾರ. ನಾನು ಮನೆಯಲ್ಲಿ ಪುನರ್ಪುಳಿ ಹಣ್ಣಿನ ಸಿಪ್ಪೆಯನ್ನು ಸಕ್ಕರೆಯಲ್ಲಿ ಹಾಕಿ ದಪ್ಪ ಶರಬತ್ತು ಮಾಡಿದ್ದೆ. ಸಂಗೀತಾಳಿಗೆ ಅದೆಂದರೆ ಪ್ರಾಣ. ಒಂದು ಗಾಜಿನ ಬಾಟಲಿ ಕೊಟ್ಟೆ. ಕಾರ್ಕಳದ ಚಿಕ್ಕಮ್ಮನ ಮನೆಗೆ ಹೋಗುವುದೆಂದು ಲಿಲ್ಲಿ ಮೇಡಂಗೆ ಹೇಳಿ, ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು.

ಸಂಜೆ ಉಡುಪಿಯ ಆಸ್ಪತ್ರೆಯಿಂದ ಫೋನ್ ಬಂತು. ಕಾಪು ಹತ್ತಿರ ಹೆದ್ದಾರಿಯಲ್ಲಿ ಬಾಡಿಗೆ ಕಾರೊಂದು ಡಿವೈಡರಿಗೆ ಹೊಡೆದಿದೆ. ನಿಮ್ಮ ಹಾಸ್ಟೆಲಿನ ಇಬ್ಬರು ಹುಡುಗಿಯರು ಇಲ್ಲಿದ್ದಾರೆ, ಒಬ್ಬ ಹುಡುಗನೂ ಇದ್ದಾನೆ. ನಾವು ಓಡಿದೆವು. ಹಿಂದಿನ ಸೀಟಿನಲ್ಲಿದ್ದ ಇಬ್ಬರಿಗೂ ದೊಡ್ಡ ಪೆಟ್ಟಿಲ್ಲ. ರೋಹನ್‌ಗೆ ತುಟಿಗೆ ಹೊಲಿಗೆ, ಮಣಿಗಂಟಿಗೆ ಕಟ್ಟು. ಮದ್ದು ಕೊಟ್ಟು ಮಲಗಿಸಿದ್ದರು.

ಹುಡುಗಿಯರು ನಮ್ಮನ್ನು ಕಂಡ ಕೂಡಲೇ ಕೇಳಿದ್ದು, "ಸಂಗೀತಾ ಎಲ್ಲಿ?"

ಕಾರು ಓಡಿಸುತ್ತಿದ್ದದ್ದು ಸಂಗೀತಾ. ಅಡ್ಡ ಬಂದ ದನವನ್ನು ತಪ್ಪಿಸಲು ತಿರುಗಿಸಿದ್ದಾಳೆ. ಜನ ಸೇರಿ, ಸಿಕ್ಕಿದ ಗಾಡಿಗಳಲ್ಲಿ ಹಾಕಿ ಕಳುಹಿಸಿದ್ದಾರೆ. ಹಿಂದಿನ ರಿಕ್ಷಾದಲ್ಲಿ ಅವಳು ಬರುತ್ತಿದ್ದಾಳೆಂದು ಇವರು ತಿಳಿದಿದ್ದರು. ಹಿಂದಿನ ರಿಕ್ಷಾವೇ ಇರಲಿಲ್ಲ. ಅವಳ ಮೊಬೈಲು ಕಾರಿನಲ್ಲಿಯೇ ಸಿಕ್ಕಿತು. ಚಪ್ಪಲಿಯೂ ಅಲ್ಲೇ.

ಚಿಕ್ಕಮ್ಮನ ಮನೆಗೆ ಹೋಗಿರಬೇಕೆಂದು ಲಿಲ್ಲಿ ಮೇಡಂ ಮೊದಲು ಹುಡುಕಿಸಿದ್ದು ಕಾರ್ಕಳದಲ್ಲಿ. ಪರಿಚಯದವರನ್ನೆಲ್ಲ ಎಬ್ಬಿಸಿ ಗದಗದ ಕಡೆಯ ಚಿಕ್ಕಮ್ಮನನ್ನು ಹುಡುಕಿದ್ದೇ ಹುಡುಕಿದ್ದು. ಊರಿಗೆ ಫೋನ್ ಮಾಡಿದಾಗ ಅವಳ ಅಪ್ಪ ಹೇಳಿದರಂತೆ, "ಕಾರ್ಕಳದಾಗ ನಮಗ ಯಾರೂ ಇಲ್ರೀ." ಚಿಕ್ಕಮ್ಮನೇ ಇಲ್ಲದ ಊರಿನಲ್ಲಿ ಒಳ್ಳೆಯ ಹೊತ್ತೆಲ್ಲ ಕಳೆದುಹೋಯಿತು. ಪೊಲೀಸರು ಎಲ್ಲ ಆಸ್ಪತ್ರೆಗಳಲ್ಲಿ ಕೇಳಿದರು. ಹೊಳೆಯ ಬದಿಯಲ್ಲಿ ಜನ ಟಾರ್ಚ್ ಹಿಡಿದು ಹುಡುಕುತ್ತಿದ್ದಾರೆ ಎಂದು ಯಾರೋ ಹೇಳಿದರು. ಅವಳ ಕಾಲೇಜು ಫೋಟೋ ಎಲ್ಲರ ವಾಟ್ಸಾಪಿಗೂ ಹೋಯಿತು. ಯಾರೂ ನೋಡಿಲ್ಲ.

ಮರುದಿನ ಬೆಳಿಗ್ಗೆ ಅವಳ ಅಪ್ಪ ಬಸ್ಸಿನಲ್ಲಿ ಬಂದರು. ಬಸವರಾಜಪ್ಪ. ಬಿಳಿ ಧೋತ್ರ, ಹೆಗಲಿಗೆ ಟವೆಲ್ಲು. ಆಸ್ಪತ್ರೆಯ ಬಾಗಿಲಲ್ಲಿ ನಿಂತು ನನ್ನನ್ನೇ ಕೇಳಿದರು.

"ಅಕ್ಕಾರ, ನನ್ನ ಮಗಳು ಎಲ್ಲದಾಳ್ರೀ?"

ನಾನು ಅವರನ್ನು ಬೆಂಚಿನಲ್ಲಿ ಕೂರಿಸಿದೆ. ಆಗ ನರ್ಸ್ ಒಬ್ಬಳು ಪ್ಲಾಸ್ಟಿಕ್ ಚೀಲ ತಂದು ನನ್ನ ಕೈಯಲ್ಲಿಟ್ಟಳು. ರೋಹನ್‌ನ ಅಂಗಿ. ಅವನ ಮನೆಯವರು ಪುಣೆಯಿಂದ ಇನ್ನೂ ಬಂದಿರಲಿಲ್ಲ. ಚೀಲದ ಬಾಯಿ ತೆರೆದು ನೋಡಿದರೆ ಎದೆಯಿಂದ ಕೆಳಗಿನವರೆಗೆ ಕಡುಕೆಂಪು. ನಾನು ಮುಖ ತಿರುಗಿಸಿದೆ.

ನರ್ಸ್ ನಕ್ಕಳು. "ಹೆದರಬೇಡಿ ಅಕ್ಕ. ನಾವೂ ನಿನ್ನೆ ಹೆದರಿದ್ದೇ. ತಲೆಯಿಂದ ಹೊಟ್ಟೆಯವರೆಗೆ ಕೆಂಪು, ಹುಡುಗ ಮೂರ್ಛೆ ಹೋಗಿದ್ದಾನೆ. ಒರೆಸಿ ನೋಡಿದರೆ ತುಟಿಯದ್ದು ಬಿಟ್ಟು ಗಾಯವೇ ಇಲ್ಲ. ಯಾವುದೋ ಶರಬತ್ತು ಮಾರಾಯ್ತಿ. ಮಡಿಲಲ್ಲಿ ಬಾಟಲಿ ಒಡೆದದ್ದಂತೆ."

ಮಕ್ಕಳೇ, ನಾನು ಆ ಚೀಲ ಮತ್ತೆ ತೆರೆದೆ. ಅಂಗಿಯನ್ನು ಮೂಗಿಗೆ ಹಿಡಿದೆ. ನಮ್ಮ ಮನೆಯ ಪುನರ್ಪುಳಿ. ಸಂಗೀತಾ ಸ್ಟೇರಿಂಗಿನಿಂದ ತಲೆ ಎತ್ತಿದಾಗ ಕಂಡದ್ದು ಇದನ್ನೇ. ಪಕ್ಕದಲ್ಲಿ ಅಲುಗಾಡದೆ ಬಿದ್ದ ರೋಹನ್, ಮೈಯೆಲ್ಲ ಕೆಂಪು.

"ಅಪ್ಪನವರೇ," ಎಂದೆ. ಮಾತು ಮಾತಿಗೆ ತಡವರಿಸಿತು. "ಅವಳು ಹೊಳೆಗೆ ಬಿದ್ದದ್ದಲ್ಲ. ಯಾರೂ ಕೊಂಡುಹೋದದ್ದೂ ಅಲ್ಲ. ಈ ಹುಡುಗ ಸತ್ತ, ನಾನೇ ಕೊಂದೆ ಅಂತ ಹೆದರಿ ಓಡಿದ್ದಾಳೆ. ಎಲ್ಲಿಯೋ ಅಡಗಿದ್ದಾಳೆ."

ಅವರು ಎದ್ದು ನಿಂತರು. ಮುಖದಲ್ಲಿ ಜೀವ ಬಂತು. ಆದರೆ ನನಗೆ ಇನ್ನೊಂದು ಭಯ ಹುಟ್ಟಿತ್ತು. ಹಾಗೆ ತಿಳಿದ ಹುಡುಗಿ ಎಷ್ಟು ಹೊತ್ತು ಸುಮ್ಮನೆ ಅಡಗಿರುತ್ತಾಳೆ? ಪಕ್ಕದಲ್ಲಿ ಸಮುದ್ರ ಉಂಟು. ಅದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಅವರಿಗೂ ಹೊಳೆದಿರಬೇಕು, ಟವೆಲ್ಲನ್ನು ಬಾಯಿಗೆ ಒತ್ತಿಕೊಂಡರು.

"ಹುಡುಗ ಬದುಕಿದಾನ ಅಂತ ಆಕಿಗೆ ಗೊತ್ತಾಗಬೇಕು," ಎಂದರು. "ಫೋನ್ ಇಲ್ಲದಾಕಿಗೆ ಹ್ಯಾಂಗ ಹೇಳೂದ್ರೀ?"

"ಫೋಟೋ ಎಲ್ಲ ಗ್ರೂಪಿಗೂ ಹೋಗಿದೆ," ಎಂದರು ಲಿಲ್ಲಿ ಮೇಡಂ.

"ನಮ್ಮೂರಾಗ ಎಮ್ಮಿ ಕಳದ್ರ ಡಂಗುರ ಸಾರಸ್ತೀವ್ರೀ ಮೇಡಂ. ಮಗಳು ಕಳದ್ರ ಬರೇ ಫೋಟೋ ಕಳಸೂದೇನು?"

ಡಂಗುರ ಎಂದದ್ದೇ ತಡ, ನನಗೆ ಸದಾಶಿವಣ್ಣ ನೆನಪಾದ. ಕಾಪುವಿನವನು, ನನ್ನ ತವರಿನ ನೆರೆಯವನು. ರಿಕ್ಷಾಕ್ಕೆ ಎರಡು ಹಾರ್ನ್ ಸ್ಪೀಕರ್ ಕಟ್ಟಿ ಯಕ್ಷಗಾನ, ರಕ್ತದಾನ ಶಿಬಿರ, ಎಲ್ಲದರ ಪ್ರಚಾರ ಮಾಡುವವನು. ಫೋನ್ ಮಾಡಿದೆ. ಠಾಣೆಯಲ್ಲಿ ಕೇಳಿದಾಗ ಹೆಡ್ ಕಾನ್‌ಸ್ಟೇಬಲ್, "ಹುಡುಗಿ ಸಿಗುವುದಾದರೆ ಮೈಕಲ್ಲ, ಚೆಂಡೆ ಬಡಿದುಕೊಂಡು ಹೋಗಿ" ಎಂದರು.

ರೋಹನ್‌ಗೆ ವಿಷಯ ತಿಳಿದದ್ದೇ ಅವನು ಮಂಚದಿಂದ ಇಳಿದ. ಡಾಕ್ಟರು ಬೇಡವೆಂದರು. ಅವನು ಚಪ್ಪಲಿ ಹುಡುಕುತ್ತಲೇ ಇದ್ದ. ಕೊನೆಗೆ, ಹೋಗಿ ಬೇಗ ವಾಪಸು ಬರಬೇಕು, ತುಟಿ ಅಲುಗಿಸಬಾರದು ಎಂದು ಹೇಳಿ ಕಳುಹಿಸಿದರು. ಲಿಲ್ಲಿ ಮೇಡಂ ಹುಡುಗಿಯರ ಬಳಿ ಉಳಿದರು. ನಾನು, ಬಸವರಾಜಪ್ಪ, ರೋಹನ್ ಕಾಪುವಿಗೆ ಹೊರಟೆವು.

ಸದಾಶಿವಣ್ಣ ಪೇಟೆಯಲ್ಲಿ ತಯಾರಾಗಿ ನಿಂತಿದ್ದ. ರಿಕ್ಷಾ ಹೊರಟಿತು. ಮೈಕ್ ಹಿಡಿದವನೇ ಅಭ್ಯಾಸ ಬಲದಿಂದ ಶುರುಮಾಡಿದ.

"ಆತ್ಮೀಯ ಕಲಾಭಿಮಾನಿಗಳೇ, ಕಾಪು ಪರಿಸರದ ಸಹೃದಯ ಬಂಧುಗಳೇ, ತಮಗೆಲ್ಲರಿಗೂ ಆದರದ…"

ನಾನು ಅವನ ಬೆನ್ನಿಗೊಂದು ಕೊಟ್ಟೆ. "ಮಾರಾಯ, ಹುಡುಗಿ ಕಾಣೆಯಾದದ್ದು. ಯಕ್ಷಗಾನ ಅಲ್ಲ."

"ಶುರು ಹಾಗೆಯೇ ಬರುವುದು ಗಿರಿಜಕ್ಕ. ನಾನೆಂತ ಮಾಡಲಿ?"

ಅಂಗಡಿಯವನೊಬ್ಬ, "ಯಾವ ಮೇಳ ಸದಾಶಿವಣ್ಣ?" ಎಂದು ಕೇಳಿಯೂ ಬಿಟ್ಟ.

ಬಸವರಾಜಪ್ಪ ಮೈಕ್ ಕೇಳಿ ತೆಗೆದುಕೊಂಡರು. "ಸಂಗೀತಾ" ಎಂದರು. ಅಷ್ಟೇ. ಮುಂದೆ ಹಾರ್ನಿನಲ್ಲಿ ಕೇಳಿದ್ದು ಅವರ ಉಸಿರು ಮಾತ್ರ. ಮೈಕನ್ನು ನನ್ನ ಮಡಿಲಿಗೆ ಹಾಕಿದರು. ರೋಹನ್‌ನ ತುಟಿಯಲ್ಲಿ ಹೊಲಿಗೆ. ಉಳಿದದ್ದು ನಾನು.

ಮೂರು ಮಾಳಿಗೆ ಹತ್ತಿದರೂ ಸರಿ, ಕೂಗಲಾರೆ ಎಂದಿದ್ದವಳು ನಾನು. ಮೈಕನ್ನು ಎರಡೂ ಕೈಯಲ್ಲಿ ಹಿಡಿದೆ. ಕಣ್ಣು ಮುಚ್ಚಿಕೊಂಡೆ.

"ಸಂಗೀತಾ, ನಾನು ಗಿರಿಜಕ್ಕ. ರೋಹನ್ ಬದುಕಿದ್ದಾನೆ ಮಗಾ. ಅದು ರಕ್ತ ಅಲ್ಲ, ನನ್ನ ಪುನರ್ಪುಳಿ. ಬಾಟಲಿ ಒಡೆದದ್ದು. ಯಾರೂ ಸತ್ತಿಲ್ಲ. ನಿನ್ನ ಅಪ್ಪ ಬಂದಿದ್ದಾರೆ."

ನನ್ನ ದನಿ ಎರಡು ಹಾರ್ನಿನಿಂದ ಹೊರಟು ಗೋಡೆ ಗೋಡೆಗೆ ತಾಗಿ ತಿರುಗಿ ಬಂತು. ಅದು ನನ್ನದೇ ಎಂದು ನಂಬಲಾಗಲಿಲ್ಲ. ಮತ್ತೆ ಹೇಳಿದೆ. ಮತ್ತೂ ಹೇಳಿದೆ. ಸಂಕೋಚ ಎಲ್ಲಿ ಬಿದ್ದುಹೋಯಿತೋ ಗೊತ್ತಿಲ್ಲ. ಓಣಿ ಓಣಿಯಲ್ಲಿ, ಶಾಲೆಯ ಎದುರಲ್ಲಿ, ಮೀನಿನ ಮಾರ್ಕೆಟಿನಲ್ಲಿ ಕೂಗಿದೆ. ಹೆಂಗಸರು ಅಂಗಳಕ್ಕೆ ಬಂದು ನಿಂತರು. ಕೆಲವರು ಬಾವಿಕಟ್ಟೆ, ಕೊಟ್ಟಿಗೆಯ ಹಿಂದೆಲ್ಲ ನೋಡಲು ಓಡಿದರು. ಎಲ್ಲಿಯೂ ಇಲ್ಲ. ಕೊನೆಗೆ ಉಳಿದದ್ದು ಸಮುದ್ರದ ಬದಿಯ ರಸ್ತೆ.

ಕಡಲ ಕರೆಯ ಮರಳಿನಲ್ಲಿ ಕೈರಂಪಣಿ ಎಳೆಯುತ್ತಿದ್ದರು. ದೋಣಿಯಲ್ಲಿ ಹೋಗಿ ದೊಡ್ಡ ಬಲೆಯನ್ನು ಅರ್ಧ ಸುತ್ತು ಬಿಟ್ಟು ಬಂದು, ಅದರ ಎರಡು ಹಗ್ಗಗಳನ್ನು ದಡದಿಂದ ಗಂಡಸರೂ ಹೆಂಗಸರೂ ಸಾಲಾಗಿ ನಿಂತು ಎಳೆಯುವುದು. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನಲ್ಲಿ ಪಾಲು. ಯಾವ ಊರು, ಯಾರ ಮಗಳು ಎಂದು ಕೇಳುವ ಕ್ರಮ ಇಲ್ಲ.

ಕೂಗಿ ಕೂಗಿ ನನ್ನ ದನಿ ಬಿದ್ದಿತ್ತು. ರೋಹನ್ ನನ್ನ ಕೈಯಿಂದ ಮೈಕ್ ತೆಗೆದುಕೊಂಡ. ನಾನು ಅವನ ತುಟಿ ತೋರಿಸಿ ಬೇಡವೆಂದೆ. ಅವನು ಕೇಳಲಿಲ್ಲ. ತುಟಿ ಅಲುಗಿಸದೆ, ಹಲ್ಲಿನ ಎಡೆಯಿಂದ, ತನಗೆ ಬರುವ ಒಂದೇ ಕನ್ನಡ ಮಾತನ್ನು ಹೇಳಿದ.

"ಸಂಗೀತಾ, ಊಟ ಆಯ್ತಾ?"

ಹಗ್ಗ ಎಳೆಯುತ್ತಿದ್ದವರೆಲ್ಲ ನಕ್ಕರು. ಒಬ್ಬಳು ನಗಲಿಲ್ಲ. ಹೂ ಹೂವಿನ ನೈಟಿ, ಹೆಗಲಿಗೆ ಬೈರಾಸು ಟವೆಲ್ಲು, ತಲೆಗೆ ಬಟ್ಟೆ ಕಟ್ಟಿಕೊಂಡಿದ್ದ ಒಬ್ಬಳು ಹಗ್ಗ ಹಿಡಿದಲ್ಲಿಯೇ ಕಲ್ಲಾಗಿದ್ದಳು. ಅವಳ ಹಣೆಯಲ್ಲಿ ನೀಲಿ ಬಾವು.

ನಾವು ಮರಳಿನಲ್ಲಿ ಓಡಿದೆವು. ಅವಳ ಎದುರಿಗೆ ಒಬ್ಬ ವಯಸ್ಸಾದ ಹೆಂಗಸು ಅಡ್ಡ ನಿಂತಳು. ಆಮೇಲೆ ಗೊತ್ತಾಯಿತು, ಅವಳು ಗುಲಾಬಿಯಕ್ಕ.

"ನಿಲ್ಲಿ ಅಲ್ಲಿ. ನೀವು ಗಂಡನ ಕಡೆಯವರಾ?"

"ಯಾವ ಗಂಡ?" ಎಂದೆ.

"ಇವಳಿಗೆ ಹೊಡೆದವ. ನಿನ್ನೆ ಸಂಜೆ ನನ್ನ ಅಂಗಳದಲ್ಲಿ ಬಂದು ಬಿದ್ದಿದ್ದಾಳೆ. ಹಣೆ ಬಾತಿದೆ, ಕಾಲಲ್ಲಿ ಚಪ್ಪಲಿ ಇಲ್ಲ, ಹೆಸರು ಹೇಳುವುದಿಲ್ಲ, ಬರೇ ಅಳುವುದು. ಇನ್ನೆಂತ ಇರುತ್ತದೆ? ಗಂಡಸರು ಹುಡುಕಿಕೊಂಡು ಬಂದರು. ಇಲ್ಲಿ ಯಾವ ಕಾಲೇಜು ಹುಡುಗಿಯೂ ಇಲ್ಲ ಅಂತ ಅಟ್ಟಿದೆ. ನೀವು ಬಂದರೂ ಕೊಡುವುದಿಲ್ಲ."

ಅಂದರೆ ನೋಡಿ, ಹುಡುಕುವವರು ಗುಲಾಬಿಯಕ್ಕನ ಬಾಗಿಲಿಗೇ ಬಂದಿದ್ದರು. ಅವಳು ಕಾಪಾಡುತ್ತೇನೆಂದು ತಿಳಿದು ಅಡಗಿಸಿದ್ದಳು. ರಾತ್ರಿ ಗಂಜಿ, ಉಪ್ಪಿನಕಾಯಿ ಕೊಟ್ಟು ಮಲಗಿಸಿ, ಬೆಳಿಗ್ಗೆ ತನ್ನ ನೈಟಿ ತೊಡಿಸಿ, ಒಬ್ಬಳೇ ಮನೆಯಲ್ಲಿ ಬಿಟ್ಟರೆ ಏನಾದರೂ ಮಾಡಿಕೊಂಡಾಳೆಂದು ಹಗ್ಗ ಎಳೆಯಲು ಕರೆತಂದಿದ್ದಳು. ಹೆದ್ದಾರಿಯಿಂದ ಆ ಅಂಗಳದವರೆಗೆ ಹೇಗೆ ಬಂದೆನೆಂದು ಸಂಗೀತಾಳಿಗೆ ಇಂದಿಗೂ ನೆನಪಿಲ್ಲ. ಅದೊಂದು ಯಾರಿಗೂ ಗೊತ್ತಾಗದೆ ಹಾಗೆಯೇ ಉಳಿಯಿತು.

ಸಂಗೀತಾ ರೋಹನ್‌ನನ್ನು ನೋಡುತ್ತಿದ್ದಳು. ರೆಪ್ಪೆ ಮುಚ್ಚಿದರೆ ಅವನು ಇಲ್ಲವಾಗುತ್ತಾನೆ ಎಂಬಂತೆ. ಹಗ್ಗ ಬಿಡಲು ಅವಳಿಂದ ಆಗುತ್ತಿರಲಿಲ್ಲ, ಬೆರಳು ಸೆಟೆದಿದ್ದವು. ಬಲೆಯೂ ದಡಕ್ಕೆ ಹತ್ತಿರ ಬಂದಿತ್ತು. ಆಚೆಯಿಂದ, "ಬಿಡಬೇಡಿ, ಮೀನು ಹೋಗುತ್ತದೆ" ಎಂದು ಕೂಗಿದರು.

ಬಸವರಾಜಪ್ಪ ಮುಂದೆ ಬಂದರು. ಧೋತ್ರ ಮೇಲೆ ಕಟ್ಟಿ, ಮಗಳ ಹಿಂದೆ ನಿಂತು, ಅವಳ ಕೈಯ ಪಕ್ಕದಲ್ಲಿಯೇ ಹಗ್ಗ ಹಿಡಿದು ಎಳೆದರು. ಅವರ ಹಿಂದೆ ನಾನು. ನನ್ನ ಹಿಂದೆ ಸದಾಶಿವಣ್ಣ. ರೋಹನ್ ಕಟ್ಟಿಲ್ಲದ ಕೈ ಹಾಕಿದ. ಬಲೆ ಬಂತು, ಬೆಳ್ಳಿಯ ಹಾಗೆ ಹೊಳೆಯುವ ಮೀನು ಮರಳಿನ ಮೇಲೆ ಚಿಮ್ಮಿತು. ಆಗ ಅವಳ ಕೈ ಬಿಟ್ಟಿತು. ತಿರುಗಿ ಅಪ್ಪನ ಎದೆಗೆ ಬಿದ್ದಳು.

ವಿಷಯ ತಿಳಿದ ಗುಲಾಬಿಯಕ್ಕ ನಮಗೆಲ್ಲ ಪಾಲು ಹಾಕಿದಳು.

"ನಾವು ತಿನ್ನಂಗಿಲ್ರೀ ಅವ್ವಾ," ಎಂದರು ಬಸವರಾಜಪ್ಪ.

"ತಿನ್ನಬೇಡಿ. ಆದರೆ ಎಳೆದಿದ್ದೀರಲ್ಲ, ಪಾಲು ಬಿಡುವ ಹಾಗಿಲ್ಲ."

ಅವರು ಹೆಗಲಿನ ಟವೆಲ್ಲನ್ನು ಎರಡೂ ಕೈಯಲ್ಲಿ ಒಡ್ಡಿ ಬಂಗುಡೆಯನ್ನು ಪ್ರಸಾದದ ಹಾಗೆ ತೆಗೆದುಕೊಂಡರು. ಗುಲಾಬಿಯಕ್ಕನ ಕಾಲಿಗೆ ಬಗ್ಗಿದರು. ಅವಳು "ಅಯ್ಯಯ್ಯ, ಇದೆಂತ ಮಾರಾಯ್ರೆ" ಎಂದು ಹಿಂದೆ ಸರಿದಳು.

ಆಸ್ಪತ್ರೆಗೆಂದು ಎಲ್ಲರೂ ರಿಕ್ಷಾದಲ್ಲಿ ಒತ್ತಿಕೊಂಡು ಕೂತೆವು. ಟವೆಲ್ಲಿನಿಂದ ಮೀನಿನ ನೀರು ಧೋತ್ರಕ್ಕೆ ಸೋರುತ್ತಿತ್ತು. ಮೂಗು ಮುಚ್ಚುವ ಹುಡುಗಿ ಅದಕ್ಕೇ ಒರಗಿ ಕೂತಿದ್ದಳು. ಪೇಟೆಗೆ ಬರುವಾಗ ಜನ ಅಂಗಡಿಗಳಿಂದ ಇಳಿದು ರಸ್ತೆಯ ಬದಿಯಲ್ಲಿ ನಿಂತಿದ್ದರು. ಹುಡುಗಿ ಸಿಕ್ಕಿದ ಸುದ್ದಿ ಮುಟ್ಟಿರಬೇಕು ಎಂದುಕೊಂಡೆ. ಮೈಕ್ ನನ್ನ ಮಡಿಲಲ್ಲಿತ್ತು. ಸ್ವಿಚ್ಚು ಆರಿಸಿರಲಿಲ್ಲ. ಆ ಗಡಿಬಿಡಿಯಲ್ಲಿ ಯಾರಿಗೂ ಅದರ ನೆನಪಿರಲಿಲ್ಲ.

"ಯಾಕ ಓಡಿಹೋದಿ ಅವ್ವಾ?" ಎಂದು ಅಪ್ಪ ಕೇಳಿದ್ದು ಇಡೀ ಕಾಪುವಿಗೆ ಕೇಳಿತು.

"ಅಂವಾ ಸತ್ತ ಅಂತ ತಿಳಕೊಂಡೆ ಅಪ್ಪಾ."

"ಸತ್ತಿದ್ರೂ ಮನೀಗೆ ಬರಬೇಕಾಗಿತ್ತು."

"ನಾನಽ ಕೊಂದೆ ಅಂತ…"

"ಕೊಂದಿದ್ರೂ ಮನೀಗೆ ಬರಬೇಕಾಗಿತ್ತು. ಜೇಲಿಗೆ ಹೋಗೂದಿದ್ರ ಇಬ್ರೂ ಕೂಡಿ ಹೋಗ್ತಿದ್ವಿ."

ಬಸ್ ಸ್ಟಾಪಿನಲ್ಲಿ ಮೀನಿನ ಬುಟ್ಟಿ ಇಳಿಸಿಕೊಂಡು ಕೂತಿದ್ದ ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಂಡರು. ಆಗ ಸದಾಶಿವಣ್ಣನಿಗೆ ಗೊತ್ತಾಗಿ ಸ್ವಿಚ್ಚಿಗೆ ಕೈ ಹಾಕಿದ. ಹೇಳಬೇಕಾದದ್ದೆಲ್ಲ ಆಗಲೇ ಹೇಳಿ ಆಗಿತ್ತು.

ಪೊಲೀಸ್ ಕೇಸು, ಕಾಲೇಜಿನ ವಿಚಾರಣೆ ಎಲ್ಲ ಆಯಿತು. ಅವಳು ಎಲ್ಲವನ್ನೂ ನಿಂತು ಎದುರಿಸಿದಳು. ಆ ಬಂಗುಡೆಯ ಸಾರು ಆ ದಿನ ನಮ್ಮ ಮನೆಯಲ್ಲಿ ಆಯಿತು. ನಿಮ್ಮ ಅಮ್ಮಂದಿರನ್ನು ಕೇಳಿ, ನೆನಪಿರಬಹುದು.

ಪ್ರಜ್ಞಾ, ಮೊದಲ ದಿನ ನೀನು ಹುಡುಗಿಯರಿಗೆ ನಿಯಮ ಓದಿ ಹೇಳಬೇಕಾಗುತ್ತದೆ. ಗೇಟು ಎಷ್ಟು ಗಂಟೆಗೆ ಹಾಕುತ್ತಾರೆ, ಹೊರಗೆ ಹೋಗುವಾಗ ಯಾರಿಗೆ ಹೇಳಬೇಕು, ಎಲ್ಲ ಓದು. ಹೇಳದೆ ಹೋಗುವವರು ಹೋಗುತ್ತಾರೆ. ಇಲ್ಲದ ಚಿಕ್ಕಮ್ಮಂದಿರು ಕಾರ್ಕಳದಲ್ಲಿ ಹುಟ್ಟುತ್ತಲೇ ಇರುತ್ತಾರೆ. ಅದಕ್ಕೆ ಓದಿ ಮುಗಿದ ಮೇಲೆ ಇನ್ನೊಂದು ಹೇಳು. ಏನೇ ಆಗಿರಲಿ, ಎಂಥದ್ದೇ ಮಾಡಿರಲಿ, ಮೊದಲು ಹಾಸ್ಟೆಲಿಗೆ ಬನ್ನಿ ಎನ್ನು. ಸಂಗೀತಾ ಸಿಕ್ಕಿದ ಮೇಲೆ, ಕೊನೆಯ ಎರಡು ವರ್ಷ, ಪ್ರತಿ ಹೊಸ ತಂಡಕ್ಕೂ ನಾನು ಅದನ್ನು ಹೇಳಿದೆ. ಮೆಟ್ಟಿಲ ಕೆಳಗೆ ನಿಂತು, ಮೂರು ಮಾಳಿಗೆಗೂ ಕೇಳುವ ಹಾಗೆ ಕೂಗಿಯೇ ಹೇಳಿದೆ.